ಕಡಲೆಯೂ ಹಲ್ಲೂ

ಕಾರ್ತಿಕ ಮಾಸದ ಕಡೆಯ ಸೋಮವಾರ ಬೆಂಗಳೂರಿನ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ದೊಡ್ಡ ಬಸವಣ್ಣನ ಗುಡಿಯ ಮುಂದಿನ ರಸ್ತೆಯ ಇಕ್ಕೆಲಗಳಲ್ಲಿಯೂ ಕಾಯಿಯ ರಾಶಿ. ರಾಶಿಯ ಮುಂದೆ ಜನದ ರಾಶಿ. ಆ ಜನದ ನಡುವೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಒಂದೊಂದು ರಾಶಿಯಿಂದಲೂ ನಾಲ್ಕು ಕಾಯಿ ಎತ್ತಿ ಕಿವಿಯ ಹತ್ತಿರ ಅಲುಗಿಸಿ ನೋಡಿ, ಚೌಕಾಸಿ ಮಾಡಿ, ಕೊನೆಗೆ ಎರಡು ಸೇರು ಅಳೆಸಿಕೊಂಡು ಬಂದ ಅಜ್ಜಿಯೊಬ್ಬರು ಮನೆಯ ಹಜಾರದಲ್ಲಿ ಕುಳಿತು ಕಾಯಿ ಸುಲಿಯತೊಡಗಿದರು. ಸುಲಿದ ಬೀಜವೆಲ್ಲ ಮೊಮ್ಮಗಳ ಅಂಗೈಗೆ ಬೀಳುತ್ತಿತ್ತೇ ಹೊರತು ಒಂದಾದರೂ ಅಜ್ಜಿಯ ಬಾಯಿಗೆ ಹೋಗಲಿಲ್ಲ.

“ನೀನೂ ತಿನ್ನು, ಅಜ್ಜಿ.”

“ನನಗೆ ಪಿತ್ತವಾಗುತ್ತೆ ಕಣೆ. ನೀನು ತಿನ್ನು.”

ಪಿತ್ತವೂ ಅಲ್ಲ, ವಾತವೂ ಅಲ್ಲ, ಅಜ್ಜಿಗೆ ಹಲ್ಲಿರಲಿಲ್ಲ. ಮೇಲಿನ ಸಾಲಿನಲ್ಲಿ ಅಲುಗಾಡುವ ಮೂರು, ಕೆಳಗೆ ಮುಂಭಾಗದಲ್ಲಿ ನಾಲ್ಕು, ಅಷ್ಟೇ ಉಳಿದಿದ್ದುವು. ದವಡೆಯ ಹಲ್ಲುಗಳು ಒಂದೊಂದಾಗಿ ಹತ್ತು ವರ್ಷಗಳಲ್ಲಿ ಹೋಗಿದ್ದುವು. ಒಂದೊಂದು ಹೋದಾಗಲೂ ಲವಂಗದ ಎಣ್ಣೆಯ ಹತ್ತಿ, ಎರಡು ದಿನದ ಉಪವಾಸ, ಆಮೇಲೆ ಕೀಳಿಸುವ ಖರ್ಚು. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲವೆಂಬ ಗಾದೆಯನ್ನು ಕಟ್ಟಿದವರು ಯಾರೋ, ಅವರ ಮನೆಯಲ್ಲಿಯೂ ಇಂಥ ಅಜ್ಜಿಯೊಬ್ಬರಿದ್ದಿರಬೇಕು.

ಗುಟ್ಟು ರಟ್ಟಾದದ್ದು ಸೊಸೆಯಿಂದ. ಅತ್ತೆಯವರು ಚಪಾತಿಯನ್ನು ಹಾಲಿನಲ್ಲಿ ನೆನೆಹಾಕುವುದನ್ನೂ, ಹುರುಳಿಕಾಯಿ ಪಲ್ಯವನ್ನು ತಟ್ಟೆಯ ಅಂಚಿಗೆ ಸರಿಸುವುದನ್ನೂ ಆಕೆ ತಿಂಗಳುಗಟ್ಟಲೆ ನೋಡಿ, ವಯಸ್ಸಾದವರ ರುಚಿ ಹೀಗೆಂದು ಸುಮ್ಮನಿದ್ದರು. ರಕ್ತ ಪರೀಕ್ಷೆಯಲ್ಲಿ ಶಕ್ತಿ ಸಾಲದೆಂದು ಬಂದ ಮೇಲೆ ಅಡುಗೆಮನೆಯಲ್ಲಿ ಕೇಳಿಯೇ ಬಿಟ್ಟರು.

“ಅಮ್ಮ, ಹಲ್ಲು ಕಟ್ಟಿಸೋಣ ಅಂತ ಯಾಕೆ ಹೇಳಲಿಲ್ಲ?”

“ಮಗುವಿನ ಕ್ಲಿಪ್ಪಿಗೇ ಅಷ್ಟು ಸುರಿದಿದ್ದೀರಿ. ಹೆಣ್ಣು ಮಗು, ಅದರ ಹಲ್ಲು ಮೊದಲು ನೆಟ್ಟಗಾಗಲಿ. ನಾನಿನ್ನು ಯಾರಿಗೆ ನಕ್ಕು ತೋರಿಸಬೇಕು?”

ಮಧ್ಯಮ ವರ್ಗದ ಮನೆಗಳಲ್ಲಿ ಹಲ್ಲಿನ ವಿಚಾರವೆಲ್ಲ ಈ ಒಂದು ಮಾತಿನಲ್ಲಿ ಅಡಗಿದೆ. ಹಣ ಒಂದು ಬಾಯಿಗೆ ಸಾಲುವಷ್ಟಿರುತ್ತದೆ, ಬಾಯಿಗಳು ನಾಲ್ಕು. ಸರದಿಯಲ್ಲಿ ಕೊನೆಗೆ ನಿಲ್ಲುವ ಬಾಯಿ ಸಾಮಾನ್ಯವಾಗಿ ಮನೆಯ ಹಿರಿಯ ಹೆಂಗಸಿನದು. ಅಲ್ಲಿ ನಿಲ್ಲುವಂತೆ ಆಕೆಗೆ ಯಾರೂ ಹೇಳಿರುವುದಿಲ್ಲ.

ಮಗ ಖಾಸಗಿ ಕಂಪನಿಯ ನೌಕರ. ಕಂಪನಿ ಮಾಡಿಸಿದ ಆರೋಗ್ಯ ವಿಮೆಯಲ್ಲಿ ತಾಯಿಯ ಹೆಸರೂ ಇದೆಯೆಂಬ ಧೈರ್ಯದಿಂದ ಕಾಗದಗಳನ್ನು ತೆಗೆದು ನೋಡಿದರು. ಹಲ್ಲಿನ ಚಿಕಿತ್ಸೆಗೆ ಹಣವಿಲ್ಲ. ಅಪಘಾತದಿಂದಾದ ಗಾಯಕ್ಕೆ ಆಸ್ಪತ್ರೆಯಲ್ಲಿ ಮಲಗಿದರೆ ಮಾತ್ರ ಉಂಟು. ಅಂದರೆ ಲಾರಿ ಹೊಡೆದು ದವಡೆ ಮುರಿದರೆ ವಿಮೆ ಓಡಿಬರುತ್ತದೆ; ಸದ್ದಿಲ್ಲದೆ ಹುಳುಕು ಹಿಡಿದ ಹಲ್ಲಿಗೆ ಬರುವುದಿಲ್ಲ. ಭಾರತದ ಸಾಮಾನ್ಯ ಆರೋಗ್ಯ ವಿಮೆಗಳೆಲ್ಲದರ ನಡತೆಯೂ ಹೆಚ್ಚುಕಡಮೆ ಇದೇ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ ಯೋಜನೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಭರಿಸುವುದೆಂಬುದೇನೋ ದಿಟ; ಆದರೆ ಅದು ಆಸ್ಪತ್ರೆಗೆ ಸೇರಿದವರ ಯೋಜನೆ. ಹುಳುಕು ತುಂಬಿಸುವವರು ಕುರ್ಚಿಯ ಮೇಲೆ ಅರ್ಧ ಗಂಟೆ ಒರಗಿ ಎದ್ದು ಬರುವವರು, ಹಾಸಿಗೆ ಹಿಡಿಯುವವರಲ್ಲ. ಕರ್ನಾಟಕ ಸರ್ಕಾರ ದಂತಭಾಗ್ಯವೆಂಬ ಯೋಜನೆಯಲ್ಲಿ ಬಡ ವೃದ್ಧರಿಗೆ ಪೂರ್ತಿ ಹಲ್ಲಿನ ಸೆಟ್ಟನ್ನು ಉಚಿತವಾಗಿ ಕೊಡಲು ಹೊರಟದ್ದು ಮೆಚ್ಚತಕ್ಕ ಕೆಲಸ. ಆದರೆ ಅಜ್ಜಿಯ ಮನೆಯ ಪಡಿತರ ಚೀಟಿ ಬಡತನದ ರೇಖೆಯ ಮೇಲಿನದು. ಸರ್ಕಾರದ ಕಣ್ಣಿಗೆ ಅಷ್ಟು ಬಡವರಲ್ಲ, ದಂತವೈದ್ಯರ ಕುರ್ಚಿಗೆ ಅಷ್ಟು ಸಿರಿವಂತರೂ ಅಲ್ಲ.

ದೇಹದಲ್ಲಿ ಹಲ್ಲಿಗೇ ಏಕೆ ಈ ಮಲತಾಯಿಯ ಮಮತೆ? ಹಲ್ಲು ಕೀಳುವುದು ಬಹುಕಾಲ ವೈದ್ಯರ ಕೆಲಸವಾಗಿರದೆ ಕ್ಷೌರಿಕರ, ಸಂತೆಯ ಕೈಚಳಕದವರ ಕೆಲಸವಾಗಿತ್ತು. ಡಾಕ್ಟರ್ ರಫಿಯುದ್ದೀನ್ ಅಹಮದ್ ಅವರು ಕಲಕತ್ತೆಯಲ್ಲಿ ಭಾರತದ ಮೊದಲ ದಂತವೈದ್ಯ ಕಾಲೇಜನ್ನು ತೆರೆದದ್ದು 1920ರಲ್ಲಿ. ದಂತವೈದ್ಯರನ್ನು ನಿಯಂತ್ರಿಸುವ ಕಾನೂನು ಬಂದದ್ದು 1948ರಲ್ಲಿ. ಬೇರೆಯಾಗಿ ಬೆಳೆದ ವಿದ್ಯೆಗೆ ಬೇರೆಯ ಕಾಲೇಜು, ಬೇರೆಯ ಲೆಕ್ಕಪತ್ರ.

ಸರ್ಕಾರವೇ ಎಲ್ಲರ ಹಲ್ಲನ್ನೂ ನೋಡಿಕೊಳ್ಳಬಾರದೇ ಎಂದು ಕೇಳುವವರು ಬ್ರಿಟನ್ನಿನ ಕಥೆಯನ್ನು ತಿಳಿಯಬೇಕು. ಅಲ್ಲಿ 1948ರ ಜುಲೈ 5ರಂದು ರಾಷ್ಟ್ರೀಯ ಆರೋಗ್ಯ ಸೇವೆ ಪ್ರಾರಂಭವಾದಾಗ ಹಲ್ಲಿನ ಸೆಟ್ಟು, ಕನ್ನಡಕ ಎಲ್ಲವೂ ಪುಕ್ಕಟೆ. ವರ್ಷಗಟ್ಟಲೆ ನೋವು ನುಂಗಿಕೊಂಡಿದ್ದ ಜನ ಬಾಗಿಲಿಗೆ ಮುತ್ತಿದರು. ಖರ್ಚು ಅಂದಾಜನ್ನು ಮೀರಿತು. 1951ರಲ್ಲಿ ಕೊರಿಯಾ ಯುದ್ಧದ ಕಾರಣ ಸೈನ್ಯಕ್ಕೆ ಹೆಚ್ಚು ಹಣ ಬೇಕಾದಾಗ, ಹಣಕಾಸಿನ ಮಂತ್ರಿ ಗೇಟ್‌ಸ್ಕೆಲ್ ಅವರು ಹಲ್ಲಿನ ಸೆಟ್ಟಿನ ಅರ್ಧ ಬೆಲೆಯನ್ನು ರೋಗಿಯೇ ಕೊಡಬೇಕೆಂದರು. ಆರೋಗ್ಯ ಸೇವೆಯನ್ನು ಕಟ್ಟಿದ ಅನೈರಿನ್ ಬೆವನ್ ಅವರು ಇದನ್ನು ಪ್ರತಿಭಟಿಸಿ ಮಂತ್ರಿಪದವಿಯನ್ನೇ ಬಿಟ್ಟರು. ಹಲ್ಲು ಕನ್ನಡಕಗಳಿಗಾಗಿ ಮಂತ್ರಿಯೊಬ್ಬರು ರಾಜೀನಾಮೆ ಕೊಡುವುದೆಂದರೇನು! ಆದರೂ ಶುಲ್ಕ ಉಳಿಯಿತು. ಸಿರಿವಂತ ನಾಡಿನಲ್ಲಿಯೂ ಬೊಕ್ಕಸ ಬರಿದಾದಾಗ ಮೊದಲು ಕೈಬಿಟ್ಟದ್ದು ಹಲ್ಲನ್ನು.

ಇದರಲ್ಲಿ ಒಂದು ವಿಪರ್ಯಾಸವುಂಟು. ಹಲ್ಲಿನಷ್ಟು ಅಗ್ಗದಲ್ಲಿ ಉಳಿಸಿಕೊಳ್ಳಬಹುದಾದ ಅಂಗ ಮತ್ತೊಂದಿಲ್ಲ. ತಡಮಾಡಿದರೆ ಅದರಷ್ಟು ದುಬಾರಿಯಾಗುವುದೂ ಅಪರೂಪ. ಎನಾಮಲ್ ಎಂಬ ಹೊರಪದರಕ್ಕೆ ನರವಿಲ್ಲ, ಆದ್ದರಿಂದ ಹುಳುಕು ಹಿಡಿದಾಗ ನೋವಿಲ್ಲ. ಆಗ ತುಂಬಿಸಿದರೆ ಸುಮಾರು 1,000 ರೂಪಾಯಿಯಲ್ಲಿ ಮುಗಿಯುವ ಕೆಲಸ. ಹುಳುಕು ಒಳಗಿನ ನರಕ್ಕೆ ಮುಟ್ಟಿ, ರಾತ್ರಿ ಎರಡು ಗಂಟೆಗೆ ಎಬ್ಬಿಸಿ ಕೂರಿಸಿದ ಮೇಲೆ ರೂಟ್ ಕೆನಾಲ್, ಅದರ ಮೇಲೆ ಕ್ಯಾಪು. ನಗರದಲ್ಲಿ ಇದು ಸುಲಭವಾಗಿ 10,000ವನ್ನು ಮುಟ್ಟುತ್ತದೆ. ಅದಕ್ಕೂ ಹಣವಿಲ್ಲದೆ ಕೀಳಿಸಿ, ಮುಂದೊಂದು ದಿನ ಆ ಜಾಗದಲ್ಲಿ ಲೋಹದ ತಿರುಪು ಹಾಕಿಸಿ ಹಲ್ಲು ನಿಲ್ಲಿಸಹೊರಟರೆ 25,000ಕ್ಕೂ ಮೇಲೆ. ಮೊದಲ ಮೆಟ್ಟಿಲಿನಲ್ಲಿ ಉಳಿಸಿದ ದುಡ್ಡನ್ನು ಮೂರನೆಯದರಲ್ಲಿ ಬಡ್ಡಿ ಚಕ್ರಬಡ್ಡಿ ಸಹಿತ ಕಕ್ಕಬೇಕು. ಉಪ್ಪಿನ ನೀರಿನಲ್ಲಿ ಬಾಯಿ ಮುಕ್ಕಳಿಸಿ “ಇಳಿಯಿತು” ಎನ್ನುವವರಿಗೆ ಒಂದು ಮಾತು ಹೇಳಬೇಕು: ಎಷ್ಟೋ ವೇಳೆ ನೋವು ಇಳಿಯುವುದು ಒಳಗಿನ ನರ ಸತ್ತದ್ದರಿಂದ. ಅದು ಗುಣದ ಲಕ್ಷಣವಲ್ಲ.

ಹಾಗಾದರೆ ಅಜ್ಜಿಯ ಪಾಡೇನು? ಖಾಸಗಿ ದವಾಖಾನೆಯಲ್ಲಿ ಪೂರ್ತಿ ಸೆಟ್ಟಿಗೆ 24,000 ರೂಪಾಯಿ ಹೇಳಿದರು. ದಾರಿ ತೋರಿಸಿದ್ದು ಪಕ್ಕದ ಮನೆಯ ನಿವೃತ್ತ ಮೇಷ್ಟರು. ಅವರ ಬಾಯಲ್ಲಿದ್ದುದೂ ಕಾಲೇಜಿನಲ್ಲಿ ಕಟ್ಟಿಸಿದ ಹಲ್ಲೇ. ಕರ್ನಾಟಕದಲ್ಲಿ ದಂತವೈದ್ಯ ಕಾಲೇಜುಗಳಿಗೆ ಬರಗಾಲವಿಲ್ಲ. ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಆವರಣದ ಸರ್ಕಾರಿ ಕಾಲೇಜು 1958ರಷ್ಟು ಹಳೆಯದು. ಮಣಿಪಾಲ, ದಾವಣಗೆರೆ, ಧಾರವಾಡ, ಮೈಸೂರು, ಬೆಳಗಾವಿಗಳಲ್ಲಿಯೂ ಕಾಲೇಜುಗಳುಂಟು. ವಿದ್ಯಾರ್ಥಿಗಳು ಪರೀಕ್ಷೆಗೆ ಮುಂಚೆ ಇಷ್ಟು ಹಲ್ಲು ತುಂಬಿರಬೇಕು, ಇಷ್ಟು ಸೆಟ್ಟು ಕಟ್ಟಿರಬೇಕೆಂಬ ನಿಯಮವಿರುವುದರಿಂದ ಅಲ್ಲಿ ರೋಗಿಯ ದಾರಿ ಕಾಯುವವರಿರುತ್ತಾರೆ. ಖರ್ಚು ಹೊರಗಿನದರ ಒಂದು ಪಾಲು. ಹಣದ ಬದಲು ಅಲ್ಲಿ ತೆರಬೇಕಾದದ್ದು ಕಾಲವನ್ನು.

ಅಜ್ಜಿಯೂ ಅದನ್ನು ತೆತ್ತರು. ಉಳಿದಿದ್ದ ಏಳನ್ನು ಕೀಳಿಸಿ, ವಸಡು ಆರುವವರೆಗೆ ಮೂರು ತಿಂಗಳು ಕಾಯಬೇಕಾಯಿತು. ಸಂಕ್ರಾಂತಿಯ ಎಳ್ಳುಬೆಲ್ಲವನ್ನು ಮೊಮ್ಮಗಳು ಕುಟ್ಟಾಣಿಯಲ್ಲಿ ಪುಡಿಮಾಡಿಕೊಟ್ಟಳು. ಆಮೇಲೆ ವಾರಕ್ಕೊಂದರಂತೆ ಐದು ಭೇಟಿ: ಒಂದು ದಿನ ಬಾಯಿಯ ಅಚ್ಚು, ಮತ್ತೊಂದು ದಿನ ಇನ್ನೂ ಸೂಕ್ಷ್ಮವಾದ ಅಚ್ಚು, ಬಳಿಕ ಮೇಲು ದವಡೆ ಕೆಳ ದವಡೆಗಳ ಅಂತರದ ಅಳತೆ, ನಾಲ್ಕನೆಯ ದಿನ ಮೇಣದಲ್ಲಿ ಜೋಡಿಸಿದ ಹಲ್ಲನ್ನು ಬಾಯಲ್ಲಿಟ್ಟು ನೋಡುವುದು, ಕಡೆಗೆ ಸೆಟ್ಟು. ಹಲ್ಲು ಕಟ್ಟಿದ ಹುಡುಗಿಗೆ ಇಪ್ಪತ್ತೆರಡು ವರ್ಷವಿರಬಹುದು, ಕೈ ನಡುಗುತ್ತಿತ್ತು. ಮೇಣದ ಸಾಲು ಬಲಕ್ಕೆ ವಾಲಿದೆಯೆಂದು ಪ್ರೊಫೆಸರರು ಅದನ್ನು ಬಿಚ್ಚಿಸಿದಾಗ ಹುಡುಗಿಯ ಕಣ್ಣು ತುಂಬಿತು. ಐದು ಭೇಟಿ ಏಳಾಯಿತು. “ಅಳಬೇಡ ಕಣಮ್ಮ, ನನಗೇನು ಮದುವೆ ಮುಹೂರ್ತ ಮೀರಿಹೋಗುತ್ತದೆಯೆ?” ಎಂದು ಅಜ್ಜಿಯೇ ಸಮಾಧಾನ ಹೇಳಬೇಕಾಯಿತು. ಆದರೆ ಪ್ರತಿ ಸಲವೂ ಎರಡು ಬಸ್ಸು ಬದಲಿಸಿ ಜೊತೆಗೆ ಹೋದ ಸೊಸೆಗೆ ಏಳು ಅರ್ಧ ದಿನಗಳ ರಜೆ ಖರ್ಚಾಯಿತೆಂಬುದನ್ನು ಮರೆಯಲಾಗದು. ಒಂಟಿಯಾಗಿರುವ ಮುದುಕರಿಗೆ ಈ ಅಗ್ಗದ ಹಾದಿ ಎಷ್ಟು ದೂರವೆಂಬುದು ಇದರಿಂದಲೇ ತಿಳಿಯುತ್ತದೆ.

ಸೆಟ್ಟು ಬಂದ ದಿನ ಅಜ್ಜಿ “ಶ” “ಸ” ಎರಡನ್ನೂ ಒಂದೇ ಮಾಡಿ ವಿಷ್ಣುಸಹಸ್ರನಾಮ ಹೇಳಿದರು. ವಸಡು ಎರಡು ಕಡೆ ಉಜ್ಜಿ ಹುಣ್ಣಾಗಿ, ಸೆಟ್ಟು ಒಂದು ವಾರ ಡಬ್ಬಿಯ ನೀರಿನಲ್ಲೇ ಮಲಗಿತು. ಹುಡುಗಿ ಅದನ್ನು ಎರಡು ಸಲ ತೀಡಿಕೊಟ್ಟ ಮೇಲೆ ಬಾಯಿಗೆ ಒಗ್ಗಿತು.

ಮುಂದಿನ ಕಾರ್ತಿಕದಲ್ಲಿ ಪರಿಷೆಗೆ ಹೋಗಿ ಬಂದ ಅಜ್ಜಿ ಹಸಿ ಕಾಯನ್ನು ಉಪ್ಪು ಹಾಕಿ ಬೇಯಿಸಲು ಸೊಸೆಗೆ ಹೇಳಿದರು. ಹುರಿದದ್ದನ್ನು ಕಚ್ಚಬಾರದೆಂದು ಕಾಲೇಜಿನ ಹುಡುಗಿಯ ಕಟ್ಟಪ್ಪಣೆ. ಆ ಸಲ ಸುಲಿದು ಸುಲಿದು ಕೈಗೆ ಹಾಕುವ ಕೆಲಸ ಮೊಮ್ಮಗಳದಾಯಿತು. ಕ್ಲಿಪ್ಪು ಇನ್ನೂ ಬಿಚ್ಚಿರಲಿಲ್ಲವಾದ್ದರಿಂದ ಹುರಿದ ಕಾಯಿ ಅವಳಿಗೂ ನಿಷಿದ್ಧವಾಗಿತ್ತು.