ಪಾಕವಿಧಾನ ಯಾರ ಸ್ವತ್ತು?

ಬಿಯರ್ ಮಾಡಲು ಕಂಪ್ಯೂಟರ್ ಯಾಕೋ ಎಂದು ಊರಿನಿಂದ ಫೋನ್ ಮಾಡಿದಾಗಲೆಲ್ಲ ತಮ್ಮ ನಗುತ್ತಾನೆ. ನಾನಿರುವುದು ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ. ಇಲ್ಲಿ ಇದು ಗ್ಯಾರೇಜಿನ ಹವ್ಯಾಸ. 1978ರಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನು, ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್ ಬಿಯರನ್ನು ತೆರಿಗೆಯಿಲ್ಲದೆ ಮಾಡಿಕೊಳ್ಳಲು ಬಿಟ್ಟಿತು.

ಕಂಪ್ಯೂಟರ್ ಬೇಕಾಗುವುದು ಲೆಕ್ಕಕ್ಕೆ. ಹುದುಗುವ ಮೊದಲು ರಸದ ಸಾಂದ್ರತೆ 1.050, ಆಮೇಲೆ 1.010 ಇದ್ದರೆ, ವ್ಯತ್ಯಾಸವನ್ನು 131.25ರಿಂದ ಗುಣಿಸಿ: ಮದ್ಯಸಾರ ಶೇ. 5.25. ಇಷ್ಟಕ್ಕೆ ಚೀಟಿ ಸಾಕು. ಹಾಪ್ಸ್ ಹೂವಿನ ಕಹಿಯ ಲೆಕ್ಕ ಹಾಗಲ್ಲ. ಹೂವಿನ ಆಲ್ಫಾ ಆಮ್ಲ, ಕುದಿಸಿದ ನಿಮಿಷ, ರಸದ ಸಾಂದ್ರತೆ ಎಲ್ಲವೂ ಅದರಲ್ಲಿ ಸೇರುತ್ತವೆ. ಟಿನ್ಸೆತ್ ಸೂತ್ರ ಒಂದು ಸಂಖ್ಯೆ ಹೇಳಿದರೆ ರೇಜರ್ ಸೂತ್ರ ಇನ್ನೊಂದು ಹೇಳುತ್ತದೆ.

ನನ್ನದು ಲಿನಕ್ಸ್ ಕಂಪ್ಯೂಟರ್. 'ಒಳ್ಳೆ ತಂತ್ರಾಂಶ ಕೊಳ್ಳು, ಅದಕ್ಕೆ ತಕ್ಕ ಕಂಪ್ಯೂಟರೂ ಕೊಳ್ಳು' ಎನ್ನುವುದು ಗೆಳೆಯರ ಬುದ್ಧಿವಾದ. ನಾನು ಒಪ್ಪುವುದಿಲ್ಲ. ಒಪ್ಪಿ ಒಮ್ಮೆ ಕೆಟ್ಟವನು ನಾನು. ಆರು ವರ್ಷ ವಿಂಡೋಸ್‌ನ ಒಂದು ತಂತ್ರಾಂಶದಲ್ಲಿ ಬರೆದಿಟ್ಟೆ. ತಯಾರಕರು ಅದನ್ನು ಕೈಬಿಟ್ಟರು, ನನ್ನ ಹಳೆಯ ಕಂಪ್ಯೂಟರೂ ಕೆಟ್ಟಿತು. ಕಡತಗಳು ಇವತ್ತಿಗೂ ನನ್ನ ಬಳಿ ಇವೆ, ತೆರೆಯುವುದಿಲ್ಲ. ಅಪ್ಪ ಇಲ್ಲಿಗೆ ಬಂದಿದ್ದಾಗ ಇಬ್ಬರೂ ಸೇರಿ ಬೆಲ್ಲ ಹಾಕಿ ಕಪ್ಪು ಬಿಯರ್ ಮಾಡಿದ್ದೆವು. ಬೆಲ್ಲ ತೂಗಿದ್ದು ಅಪ್ಪ. ಈಗ ಅಪ್ಪ ಇಲ್ಲ, ತೂಕ ನನಗೆ ನೆನಪಿಲ್ಲ.

ಹಾಗಾಗಿ ಆಯ್ಕೆಗೆ ನನ್ನದು ಒಂದೇ ಪರೀಕ್ಷೆ. ಮೊದಲ ದಿನವೇ ಒಂದು ಪಾಕವಿಧಾನ ಬರೆದು ಬಿಯರ್‌ಎಕ್ಸ್‌ಎಂಎಲ್ ರೂಪದಲ್ಲಿ ಹೊರತೆಗೆಯಿರಿ. ಅದು ಮುಕ್ತ ಮಾನಕ, ಬರಿಯ ಪಠ್ಯ. ಯಾವ ಸಾದಾ ಎಡಿಟರಿನಲ್ಲಾದರೂ ತೆರೆದರೆ ಎಷ್ಟು ಕಿಲೋ ಮಾಲ್ಟ್, ಎಷ್ಟು ಲೀಟರ್ ನೀರು ಎಂದು ಕಣ್ಣಿಗೇ ಕಾಣಬೇಕು. ಕಾಣದಿದ್ದರೆ ಆ ತಂತ್ರಾಂಶ ಪುಕ್ಕಟೆ ಕೊಟ್ಟರೂ ಬೇಡ.

ಲಿನಕ್ಸ್‌ಗೆ ಹಣ ಕೊಟ್ಟು ಕೊಳ್ಳುವ ಬಿಯರ್‌ಸ್ಮಿತ್ ಇದೆ, ಅದು ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ. ನಾನು ಆರಿಸಿಕೊಂಡದ್ದು ಬ್ರೂಟಾರ್ಗೆಟ್. ನೋಡಲು ಚೆಂದವಿಲ್ಲ, ಒಪ್ಪುತ್ತೇನೆ. ಆದರೆ ಅದರ ಮೂಲ ಸಂಕೇತ ಎಲ್ಲರ ಕೈಯಲ್ಲಿದೆ. ಮಾಡಿದವರು ಬಿಟ್ಟುಹೋದರೂ ಮತ್ತೊಬ್ಬರು ಎತ್ತಿಕೊಳ್ಳಬಹುದು.

ಇದು ಕುಡಿಯುವವರ ಜಗಳವಷ್ಟೇ ಎನ್ನಬೇಡಿ. ಯೂನಿಕೋಡ್‌ಗೆ ಮೊದಲು ಒಂದೊಂದು ಫಾಂಟಿಗೆ ಒಂದೊಂದು ಸಂಕೇತವಿದ್ದ ಕಾಲದಲ್ಲಿ ಟೈಪಿಸಿದ ಕನ್ನಡ ಕತೆಯೊಂದನ್ನು ಆ ಫಾಂಟಿಲ್ಲದೆ ತೆರೆದು ನೋಡಿ. ಅಕ್ಷರದ ಬದಲು ಇಂಗ್ಲಿಷ್ ಚಿಹ್ನೆಗಳ ರಾಶಿ. ಬರೆದವರು ನಾವೇ, ಓದಲಾಗದವರೂ ನಾವೇ. ಅಷ್ಟಾದ ಮೇಲೂ 'ಯಾವುದು ಚೆಂದ' ಎಂದೇ ಮೊದಲು ಕೇಳುತ್ತೇವೆ. 'ನಾಳೆ ನನ್ನದನ್ನು ನನಗೆ ಕೊಡುತ್ತೀಯಾ' ಎಂದು ಕೇಳುವುದಿಲ್ಲ.

ಕಳೆದ ತಿಂಗಳು ಬೆಲ್ಲದ ಬಿಯರನ್ನು ಅಂದಾಜಿನಲ್ಲಿ ಮತ್ತೆ ಮಾಡಿದೆ. ಕೆಟ್ಟದಾಗೇನೂ ಇರಲಿಲ್ಲ. ಅಪ್ಪನ ತೂಕ ಮಾತ್ರ ಅದಲ್ಲ.