ಉತಾರದ ಹೆಸರೂ ಹೊಲದ ಒಡೆತನವೂ

ಉತಾರದಲ್ಲಿ ಯಾರ ಹೆಸರಿದೆಯೋ ಅವರದೇ ಹೊಲವೆಂಬ ನಂಬಿಕೆ ನಮ್ಮ ಹಾವೇರಿ ಸೀಮೆಯಲ್ಲಿ ಬಲವಾಗಿದೆ. ನಮ್ಮಜ್ಜ ತೀರಿಕೊಂಡ ಮೇಲೆ, ಹಿರಿಯರೆಂದು ದೊಡ್ಡಪ್ಪನವರ ಹೆಸರೊಂದೇ ದಾಖಲಾಯಿತು. ಈಗ ತಂದೆಯವರು ಪಾಲು ಕೇಳಿದರೆ ಅವರು ಉತಾರ ತೋರಿಸುತ್ತಾರೆ. ಅಕ್ಷರ ಬಾರದ ತಂದೆಯವರು ಸುಮ್ಮನಾಗುತ್ತಾರೆ.

ಕಾಯದೆಯಾದರೋ ಹಾಗೆನ್ನುವುದಿಲ್ಲ. 1964ರ ಕರ್ನಾಟಕ ಭೂಕಂದಾಯ ಕಾಯದೆಯ 133ನೆಯ ಕಲಮಿನಂತೆ, ಉತಾರದ ನಮೂದನ್ನು ವಿರುದ್ಧ ಪುರಾವೆ ಬರುವವರೆಗೆ ಮಾತ್ರ ನಿಜವೆಂದು ಭಾವಿಸತಕ್ಕದ್ದು. ಅದು ಕಂದಾಯದ ಕಾಗದ. ಒಡೆತನದ ತಕರಾರನ್ನು ತೀರಿಸುವುದು ದಿವಾಣಿ ನ್ಯಾಯಾಲಯ. ಅಲ್ಲಿ ಖರೀದಿ ಪತ್ರ, ವಾಟ್ನಿ ಪತ್ರ, ವಂಶಾವಳಿಗಳನ್ನು ತೂಗಿ ನೋಡುತ್ತಾರೆ. ಓದಿದ ನಾವಾದರೂ ಇದನ್ನು ಮನೆಯಲ್ಲಿ ಬಿಡಿಸಿ ಹೇಳಬೇಡವೇ?

ನಾನು ಹೇಳಿದೆ. ತಂದೆಯವರು ಹಿಗ್ಗಿದರು. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ 2005ರ ತಿದ್ದುಪಡಿ ಸಮಪಾಲು ಕೊಟ್ಟಿದೆ, ಸೋದರತ್ತೆಯನ್ನೂ ಕೇಳಬೇಕು ಎಂದೆ. ಅಂದಿನಿಂದ ಅಣ್ಣತಮ್ಮಂದಿರು ಮತ್ತೆ ಮಾತನಾಡತೊಡಗಿದ್ದಾರೆ!