ತೊಗರಿ ಕಾಳಿಗೆ ಯಾರೂ ಹೆದರುವುದಿಲ್ಲ

ಅಫಜಲಪುರ ತಾಲೂಕಿನ ಗೊಬ್ಬೂರಿನಿಂದ ಪಾಲಕರೊಬ್ಬರು ಪತ್ರ ಬರೆದಿದ್ದಾರೆ. ಮಗ ಕಲಬುರಗಿಯಲ್ಲಿ ಎಂಜಿನಿಯರಿಂಗ್ ಓದುತ್ತಾನೆ. ರಜೆಗೆ ಊರಿಗೆ ಬಂದವನು ಗೆಳೆಯರನ್ನು ಕೂಡಿಸಿಕೊಂಡು ಪಡಸಾಲೆಯಲ್ಲಿ ಇಸ್ಪೀಟು ಹಾಕಿದ್ದಾನೆ. ಹಣವಿಲ್ಲ, ಪಣಕ್ಕೆ ಮನೆಯದೇ ತೊಗರಿ ಕಾಳು. ತಂದೆ ಗದರಿದಾಗ ಮಗ ಹೇಳಿದನಂತೆ: "ಅಪ್ಪಾ, ಇದು ಅಂದರ್ ಬಾಹರ್ ಅಲ್ಲ, ಪೋಕರ್. ಪೂರಾ ಗಣಿತ ಅದ. ಕೈ ಅರ್ಧ ಆಗಿದ್ದಾಗ್ಲೇ ಜೋರ್ ಹೊಡೀಬೇಕು." ಪಾಲಕರ ಪ್ರಶ್ನೆ ಎರಡು ಸಾಲಿನದು. ಇದು ನಿಜವಾಗಿಯೂ ಗಣಿತವೇ? ಹೌದಾದರೆ ನಾನು ಗದರಿದ್ದು ತಪ್ಪೇ?

ಮೊದಲನೆಯದಕ್ಕೆ ಉತ್ತರ, ಹೌದು. ಜೂಜು ಕೆಟ್ಟದ್ದೆಂದು ಲೆಕ್ಕವನ್ನೂ ಸುಳ್ಳೆನ್ನಲು ಬಾರದು. ಸಂಭವನೀಯತೆಯ ಗಣಿತ ಹುಟ್ಟಿದ್ದೇ ಪಣದ ಮೇಜಿನ ಸುತ್ತ. 1654ರಲ್ಲಿ ಪಾಸ್ಕಲ್ ಮತ್ತು ಫರ್ಮಾ ಪತ್ರಗಳಲ್ಲಿ ಚರ್ಚಿಸಿದ್ದು, ಅರ್ಧಕ್ಕೆ ನಿಂತ ಆಟದ ಪಣವನ್ನು ಇಬ್ಬರಿಗೆ ಹೇಗೆ ಹಂಚಬೇಕು ಎಂಬುದನ್ನು. ಗೊಬ್ಬೂರಿನ ಹುಡುಗ ಹೇಳುವ 'ಅರ್ಧ ಆದ ಕೈ' ಅದರ ದಾಯಾದಿಯೇ.

ಆಟ ಗೊತ್ತಿಲ್ಲದವರಿಗೆ ಇಷ್ಟು ಸಾಕು. ಪ್ರತಿಯೊಬ್ಬನಿಗೂ ಎರಡು ಗುಟ್ಟಿನ ಎಲೆ. ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ: ಮೊದಲು ಮೂರು, ಆಮೇಲೆ ಒಂದು, ಕೊನೆಗೆ ಒಂದು. ಏಳರಲ್ಲಿ ಉತ್ತಮವಾದ ಐದು ಯಾರದೋ ಅವನಿಗೆ ಗೆಲುವು. ನಡುನಡುವೆ ಪಣ. 'ನೋ ಲಿಮಿಟ್' ಎಂದರೆ ಯಾವ ಗಳಿಗೆಯಲ್ಲಾದರೂ ಮುಂದಿರುವುದನ್ನೆಲ್ಲ ಮಧ್ಯಕ್ಕೆ ನೂಕಬಹುದು. ಪಂದ್ಯಾವಳಿಯಲ್ಲಿ ಎಲ್ಲರೂ ಸಮಾನ ಬಿಲ್ಲೆಗಳಿಂದ ಶುರುಮಾಡುತ್ತಾರೆ. ಬಿಲ್ಲೆ ಮುಗಿದವನು ಎದ್ದು ಹೋಗಬೇಕು, ಕೊನೆಯವರೆಗೆ ಉಳಿದವರಿಗೆ ಬಹುಮಾನ.

ನಿಮ್ಮ ಕೈಯಲ್ಲಿ ಎರಡು ಆಟೀನು, ಮೇಜಿನ ಮೊದಲ ಮೂರರಲ್ಲಿ ಎರಡು ಆಟೀನು ಎನ್ನೋಣ. ಇನ್ನೊಂದು ಬಂದರೆ ಐದೂ ಒಂದೇ ಜಾತಿಯಾಗಿ ಬಲವಾದ ಕೈ. ಬರದಿದ್ದರೆ ಏನೂ ಇಲ್ಲ. ನೀವು ಕಂಡದ್ದು 5 ಎಲೆ, ಕಾಣದ್ದು 47. ಅವುಗಳಲ್ಲಿ ಆಟೀನು 9. ಎರಡು ಸಲವೂ ತಪ್ಪುವ ಸಾಧ್ಯತೆ 38/47ನ್ನು 37/46ರಿಂದ ಗುಣಿಸಿದಷ್ಟು, ಅಂದರೆ 100ಕ್ಕೆ 65. ಬರುವ ಸಾಧ್ಯತೆ 35. ಪಿಯುಸಿ ವಿದ್ಯಾರ್ಥಿಗಳು ಮಾಡಿ ನೋಡಬಹುದು.

ಈಗ ನಿಜವಾದ ಸ್ವಾರಸ್ಯ. ಮಧ್ಯದಲ್ಲಿ 100 ಕಾಳು ಬಿದ್ದಿವೆ. ನಿಮ್ಮ ಬಳಿ 200, ಎದುರಾಳಿಯ ಬಳಿಯೂ ಅಷ್ಟೇ. ಅವನ ಕೈಯಲ್ಲಿ ಒಂದು ಒಳ್ಳೆಯ ಜೋಡಿ. ಅವನು 200ನ್ನೂ ನೂಕಿದ, ನೀವು ಒಪ್ಪಿ 200 ಹಾಕಿದಿರಿ. ಒಟ್ಟು 500. ಅದರಲ್ಲಿ ನಿಮ್ಮ ಪಾಲು ಸರಾಸರಿ 35 ಭಾಗ, ಅಂದರೆ 175. ಹಾಕಿದ್ದು 200. ಸಲಕ್ಕೆ 25 ಕಾಳು ನಷ್ಟ.

ಅದೇ ಎಲೆ, ಅದೇ ಕಾಳು. ಈ ಸಲ ನೀವೇ ಮೊದಲು 200 ನೂಕಿದಿರಿ. ಅವನು ಒಪ್ಪಿದರೆ ಹಿಂದಿನಂತೆಯೇ 25 ನಷ್ಟ. ಆದರೆ ಅವನು ಹೆದರಿ ಎಲೆ ಕೆಳಗಿಟ್ಟರೆ? 100 ಕಾಳು ನಿಮ್ಮದು, ಆಟೀನು ಬರಲಿ ಬಿಡಲಿ. ಐದರಲ್ಲಿ ಒಂದು ಸಲ ಅವನು ಎಲೆ ಇಟ್ಟರೆ ಸರಿಸಮ: ಒಂದು ಸಲದ 100 ಲಾಭ, ನಾಲ್ಕು ಸಲದ 25ರಂತೆ 100 ನಷ್ಟ. ಮೂರರಲ್ಲಿ ಒಂದು ಸಲ ಇಟ್ಟರೆ ಸಲಕ್ಕೆ ಸರಾಸರಿ 16-17 ಕಾಳು ಲಾಭ. ಎಲೆ ಬದಲಾಗಲಿಲ್ಲ, ಯಾರು ಮೊದಲು ನೂಕಿದರು ಎಂಬುದಷ್ಟೇ ಬದಲಾಯಿತು. ಅಮೆರಿಕದ ಡೇವಿಡ್ ಸ್ಕ್ಲಾನ್ಸ್ಕಿ 'ದಿ ಥಿಯರಿ ಆಫ್ ಪೋಕರ್' ಪುಸ್ತಕದಲ್ಲಿ ಇದನ್ನು 'ಸೆಮಿ ಬ್ಲಫ್' ಎಂದು ವಿವರಿಸಿದ. ಅರ್ಧ ಬೆದರಿಕೆ ಎನ್ನೋಣ. ಪೂರಾ ಸುಳ್ಳಲ್ಲ, ಏಕೆಂದರೆ ಸಿಕ್ಕಿಬಿದ್ದರೂ ಗೆಲ್ಲುವ ದಾರಿ ಉಳಿದಿರುತ್ತದೆ.

ಇನ್ನೂ ಬಲವಾದ ಅರ್ಧ ಕೈಗಳಿವೆ. ಕೈಯಲ್ಲಿ ಆಟೀನಿನ 8, 9. ಮೇಜಿನ ಮೇಲೆ ಆಟೀನಿನ 7, 10 ಮತ್ತು ಇಸ್ಪೀಟು ರಾಜ. ಒಂಬತ್ತು ಆಟೀನು ಸರಿಯೇ, ಬೇರೆ ಜಾತಿಯ ಮೂರು ಗುಲಾಮ, ಮೂರು ಆರು ಕೂಡ ಸಾಲು ಕಟ್ಟಿಕೊಡುತ್ತವೆ. 15 ಎಲೆ. ಸಾಧ್ಯತೆ 100ಕ್ಕೆ 54. ಈಗ ಕೈಯಲ್ಲಿ ಏನೂ ಇಲ್ಲದ ನೀವೇ, ಜೋಡಿ ಹಿಡಿದವನಿಗಿಂತ ಮುಂದೆ! ಹುಡುಗನ 'ಜೋರ್ ಹೊಡೀಬೇಕು' ಇಲ್ಲಿಂದ ಬಂದದ್ದು. (ಅವನ ಹತ್ತಿರವೂ ದೊಡ್ಡ ಆಟೀನುಗಳಿದ್ದರೆ, ಅಥವಾ ಅವನದು ಜೋಡಿಗಿಂತ ದೊಡ್ಡದಾಗಿದ್ದರೆ, ಬಂದ ಎಲೆಯೂ ನಿಮ್ಮನ್ನು ಸೋಲಿಸೀತು. ಲೆಕ್ಕ ಅಷ್ಟು ಕಡಿಮೆಯಾಗುತ್ತದೆ.)

ಆದರೆ ಗೊಬ್ಬೂರಿನ ಪಡಸಾಲೆಯಲ್ಲಿ ಈ ವಿದ್ಯೆ ನಡೆದಿರಲಾರದು ಎಂದು ನನ್ನ ಅನುಮಾನ. ಲಾಭವೆಲ್ಲ ಬಂದದ್ದು ಎದುರಾಳಿ ಎಲೆ ಕೆಳಗಿಡುವುದರಿಂದ ತಾನೆ? ಡಬ್ಬಿಯಿಂದ ಮತ್ತೊಂದು ಹಿಡಿ ತರಬಹುದಾದಾಗ ಯಾರು ಎಲೆ ಇಡುತ್ತಾರೆ? "ಇರ್ಲಿ ಬಿಡು, ನೋಡೇಬಿಡೋಣು" ಎನ್ನುತ್ತಾರೆ. ಆಗ ಹುಡುಗನಿಗೆ ಉಳಿಯುವುದು ಬರೀ 25ರ ನಷ್ಟ. ಕಳೆದುಕೊಳ್ಳುವ ಅಂಜಿಕೆ ಇದ್ದಲ್ಲಿ ಮಾತ್ರ ಈ ಹೊಡೆತ ಫಲಿಸುತ್ತದೆ. ಅಂದರೆ ಅವನು ಕಲಿತ ಗಣಿತವೇ ಅವನನ್ನು ಕಾಳಿನಿಂದ ರೂಪಾಯಿಯ ಕಡೆಗೆ ಎಳೆಯುತ್ತದೆ. ಪಾಲಕರು ಗಮನಿಸಬೇಕಾದ ತಿರುವು ಇದು, ಇಸ್ಪೀಟಿನ ಕಟ್ಟಲ್ಲ.

ಪಂದ್ಯಾವಳಿಯಲ್ಲಿ ಮತ್ತೊಂದು ತೊಡಕಿದೆ. ಬಿಲ್ಲೆ ಎರಡು ಪಟ್ಟಾದರೆ ಬಹುಮಾನದ ಆಸೆ ಎರಡು ಪಟ್ಟಾಗುವುದಿಲ್ಲ. ಬಿಲ್ಲೆ ಮುಗಿದರೆ ಮಾತ್ರ ಆಸೆ ಪೂರ್ತಿ ಸೊನ್ನೆ. ಬಹುಮಾನಕ್ಕೆ ಇನ್ನೊಬ್ಬಿಬ್ಬರು ಎದ್ದರೆ ಸಾಕು ಎನ್ನುವ ಹಂತದಲ್ಲಿ ಐದಕ್ಕೊಂದು ಸಲ ಹೆದರಿಸಿದರೆ ಸಾಲದು. ಹಾಗೆಂದು ಸುಮ್ಮನೆ ಕೂಡುವಂತೆಯೂ ಇಲ್ಲ, ಕಡ್ಡಾಯ ಪಣ ಏರುತ್ತಲೇ ಇದ್ದು ಕೂತವನ ರಾಶಿಯನ್ನು ತಿನ್ನುತ್ತದೆ. 35ರ ಕೈಯನ್ನು ಮೂರು ಸಲ ನೂಕಿ, ಮೂರೂ ಸಲ ಎದುರಾಳಿ ಒಪ್ಪಿದರೆ, ಮೂರನ್ನೂ ಗೆಲ್ಲುವ ಸಾಧ್ಯತೆ 100ಕ್ಕೆ 4. ಗೆದ್ದವನ ಕಥೆ ಎಲ್ಲರಿಗೂ ತಲುಪುತ್ತದೆ, ಉಳಿದ 96 ಜನ ಮನೆಗೆ ಹೋಗಿ ಮಲಗಿರುತ್ತಾರೆ. ಪ್ರವೇಶ ಶುಲ್ಕದಲ್ಲಿ ನಡೆಸುವವನು ತನ್ನ ಪಾಲನ್ನು ಮೊದಲೇ ತೆಗೆದಿಟ್ಟಿರುತ್ತಾನೆ. ನೂರರಲ್ಲಿ ಹತ್ತು ತೆಗೆದರೆ, ಆಟಗಾರರೆಲ್ಲ ಸೇರಿ ಹಂಚಿಕೊಳ್ಳುವುದು ತೊಂಬತ್ತನ್ನು.

ಕಾನೂನಿನ ವಿಷಯ. 1967ರಲ್ಲಿ ಸುಪ್ರೀಂ ಕೋರ್ಟು ರಮ್ಮಿಯನ್ನು ಮುಖ್ಯವಾಗಿ ಕೌಶಲದ ಆಟವೆಂದಿತು, ಮೂರೆಲೆಯಂತಹ ಬರೀ ಅದೃಷ್ಟದ ಆಟದಿಂದ ಬೇರ್ಪಡಿಸಿತು. ಆನ್‌ಲೈನ್ ಪಣದಾಟ ನಿಷೇಧಿಸಲು ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನು ಹೈಕೋರ್ಟು 2022ರ ಫೆಬ್ರವರಿ 14ರಂದು ರದ್ದುಗೊಳಿಸಿತು. ಆಮೇಲೆ ಸಂಸತ್ತೇ 2025ರಲ್ಲಿ ಕಾಯ್ದೆ ಮಾಡಿತು, ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟ ಕೌಶಲದ್ದಿರಲಿ ಅದೃಷ್ಟದ್ದಿರಲಿ, ಅದನ್ನು ಒದಗಿಸುವುದೂ ಜಾಹೀರಾತು ಮಾಡುವುದೂ ಅಪರಾಧವೆಂದು ಅದು ಹೇಳಿತು. 'ಪೂರಾ ಗಣಿತ ಅದ' ಎಂಬ ವಾದಕ್ಕೆ ಅಲ್ಲಿ ಜಾಗವಿಲ್ಲ.

ಎರಡನೆಯ ಪ್ರಶ್ನೆ. ಕಾಳಿನ ಆಟಕ್ಕೆ ಗದರಬೇಕಿರಲಿಲ್ಲ ಎಂದೇ ನನಗನ್ನಿಸುತ್ತದೆ. ಜೋರ್ ಹೊಡೆಯುವುದನ್ನು ಎಲ್ಲಿ ಕಲಿತೆ, ಯಾರ ಮೇಲೆ ಹೊಡೆದು ನೋಡಿದ್ದೀ ಎಂದು ಕೇಳಬಹುದಿತ್ತು. ಮುಂದಿನ ರಜೆಗೆ ಅವನು ಬಂದಾಗ ನೀವೂ ಎದುರು ಕುಳಿತುಕೊಳ್ಳಿ. ನಾಲ್ಕು ಆಟೀನು, ಬೇರೆ ಜಾತಿಯ ಒಂದು ಎಲೆ ಪಕ್ಕಕ್ಕಿಟ್ಟು, ಉಳಿದ 47ನ್ನು ಚೆನ್ನಾಗಿ ಕಲಸಿ ಮೇಲಿನ ಎರಡನ್ನು ತಿರುವಿ. ಆಟೀನು ಬಂದರೆ ಗೋಡೆಯ ಮೇಲೆ ಒಂದು ಗೀಟು. ಐವತ್ತು ಸಲ ಮಾಡಿ. ಹದಿನೇಳು, ಹದಿನೆಂಟರ ಆಸುಪಾಸು ಬರಬೇಕು. ಹನ್ನೆರಡೇ ಬಂದರೂ, ಇಪ್ಪತ್ಮೂರು ಬಂದರೂ ಲೆಕ್ಕ ತಪ್ಪಲ್ಲ. ಹನ್ನೆರಡು ಬಂದ ದಿನ ಕಾಳಿನ ಬದಲು ಆ ವರ್ಷದ ಫೀಸು ಮೇಜಿನ ಮೇಲಿದ್ದಿದ್ದರೆ ಎಂದು ಅವನನ್ನೇ ಕೇಳಿ. ಬಂದ ಎಣಿಕೆಯನ್ನು ನನಗೂ ಬರೆದು ತಿಳಿಸಿ.